ಬಾಜೂ ಸೀಟಿನ ಚೀಲ

ನನ್ನ ಕೈಗೆ ಆವತ್ತು ಕೆಂಪು ಪೆನ್ನು ಸಿಗಬಾರದಿತ್ತು. ಇಪ್ಪತ್ತೆರಡು ವರ್ಷ ಯಲಬುರ್ಗಾದ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿದವಳು ನಾನು. ಎದುರಿಗೆ ಹಾಳೆ ಬಂದರೆ ಬಲಗಡೆಯ ಕೆಳಮೂಲೆಯಲ್ಲಿ ಅಂಕ ಬರೆದು, ಸುತ್ತ ಒಂದು ಉಂಗುರ ಎಳೆಯದೆ ಈ ಕೈ ಸುಮ್ಮನಿರುವುದಿಲ್ಲ. ನಿವೃತ್ತಿಯಾಗಿ ಎರಡು ವರ್ಷವಾಯಿತು, ಚಟ ಹೋಗಿಲ್ಲ. ಮದುವೆಯ ಕರೆಯೋಲೆ ಬಂದರೆ ಅದರ ಮೇಲಿನ ಗಣಪತಿಗೆ ಮನಸ್ಸಿನಲ್ಲೇ ಹತ್ತಕ್ಕೆ ನಾಲ್ಕು ಕೊಟ್ಟು ಆಮೇಲೆ ತಾರೀಖು ನೋಡುತ್ತೇನೆ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ನನ್ನದು ಹುಟ್ಟುಗುಣವಲ್ಲ, ಸಂಬಳದ ಜೊತೆ ಅಂಟಿಕೊಂಡದ್ದು. ಸಂಬಳ ನಿಂತರೂ ಅದು ನಿಂತಿಲ್ಲ.

ಕೊಪ್ಪಳದಲ್ಲಿ ನನ್ನದು ಎರಡು ಕೋಣೆಯ ಬಾಡಿಗೆ ಮನೆ. ಮದುವೆಯಾಗಲಿಲ್ಲ. ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆಲ್ಲ ಬೇರೆ ಬೇರೆ ಉತ್ತರ ಕೊಟ್ಟು ಈಗ ನಿಜವಾದದ್ದು ಯಾವುದೆಂದು ನನಗೇ ಮರೆತಿದೆ. ನನ್ನ ಬಾಗಿಲು ಬಡಿಯುವವರು ಇಬ್ಬರೇ, ಗ್ಯಾಸಿನವನು ಮತ್ತು ಕರೆಂಟ್ ಬಿಲ್ಲಿನವನು. ಹಾಗಾಗಿ ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ಬಾಗಿಲ ಸದ್ದಾದಾಗ ನಾನು ಬಿಲ್ಲಿನ ಚೀಟಿಗೆ ಕೈ ಚಾಚಿಕೊಂಡೇ ಬಾಗಿಲು ತೆರೆದೆ. ಎದುರಿಗೆ ಇಪ್ಪತ್ತೈದರ ಆಸುಪಾಸಿನ ಹುಡುಗಿ, ಸೊಂಟದ ಮೇಲೆ ಒಂದು ತಗಡಿನ ಟ್ರಂಕು.

"ಅಕ್ಕೋರ, ಗುರುತು ಸಿಗಲಿಲ್ಲೇನ್ರಿ? ಯಲಬುರ್ಗಾ ಬಸ್‌ಸ್ಟ್ಯಾಂಡ್ ಹಿಂದ ಜಂಪರ್ ಹೊಲೀತಿದ್ರಲ್ರಿ, ಅವರ ಅಣ್ಣನ ಮಗಳ್ರಿ ನಾನು."

ಆ ದರ್ಜಿಯ ಗುರುತು ಹೇಗೆ ಮರೆಯಲಿ. ಹದಿನೆಂಟು ವರ್ಷ ನನ್ನ ರವಿಕೆಗಳನ್ನೆಲ್ಲ ಹೊಲಿದವಳು ಅವಳೇ.

"ಹೌದೇನವಾ? ಹೆಂಗದಾಳ ನಿಮ್ಮತ್ತಿ?"

"ಸಂಕ್ರಾಂತಿ ಆದಮ್ಯಾಲ ತೀರಿಕೊಂಡ್ಲ್ರಿ."

ನಾನು ಅವಳನ್ನು ಒಳಗೆ ಕರೆದು ನೀರು ಕೊಟ್ಟೆ. ಸುದ್ದಿ ನನಗೆ ಯಾರೂ ಹೇಳಿರಲಿಲ್ಲ. ಯಾರು ಹೇಳಬೇಕು, ನಾನೇನು ಅವಳ ನೆಂಟಳೇ? ಆದರೂ ಯಾಕೋ ಅವಮಾನವಾದಂತೆ ಅನಿಸಿತು.

ಹುಡುಗಿ ಕುಷ್ಟಗಿಯ ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿ, ಅಲ್ಲೇ ಒಂದು ಕೋಣೆ ಹಿಡಿದಿದ್ದಾಳೆ. ಅಪ್ಪ ಕೊಪ್ಪಳದ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಅತ್ತೆಯ ಅಂಗಡಿ ಖಾಲಿ ಮಾಡುವಾಗ ಹೊಲಿಗೆ ಯಂತ್ರದ ಕೆಳಗೆ ಈ ಟ್ರಂಕು ಸಿಕ್ಕಿತಂತೆ.

"ಅತ್ತಿ ತಗದ ಚಿತ್ರ ಅದಾವ್ರಿ ಇದರಾಗ. ನಗೀ ಚಿತ್ರ. ಆದ್ರ…" ಹುಡುಗಿ ಎದೆಯ ಮೇಲಿನ ದುಪಟ್ಟಾ ಸರಿಮಾಡಿಕೊಂಡಳು. "ದೊಡ್ಡವರು ನೋಡೂ ಅಂಥಾವ್ರಿ. ಅಪ್ಪ ನೋಡಿ ಸಿಟ್ಟಿಗೆದ್ದು ಬಚ್ಚಲ ಒಲಿಗೆ ಹಾಕ್ತೇನಂತ ಕುಂತಾನ್ರಿ. ಗಂಗಾವತಿ ಕಾಲೇಜಿನಾಗ ಒಬ್ಬರು ಮೇಡಂ ಅದಾರ, ಹೆಣ್ಣಮಕ್ಕಳ ಹಾಡು, ಒಡಪು ಎಲ್ಲಾ ಕೂಡಿಸಿ ಇಡ್ತಾರ. ಅವರು, ಚಿತ್ರಾ ತಿಳದವರು ಯಾರರ ಎರಡು ಪುಟ ಬರದು ಕೊಟ್ರ ನಾವು ಇಟಗೋತೇವಿ ಅಂದ್ರು. ಅಪ್ಪನೂ ಅಂದ, ಆ ಅಕ್ಕೋರು ಛಲೋ ಅದಾವ ಅಂದ್ರ ಒಯ್ಯಿ, ಇಲ್ಲಾಂದ್ರ ಒಲಿ ಐತಿ ಅಂತ."

"ಯಾವ ಅಕ್ಕೋರು?"

"ನೀವ್ರಿ."

ಹೀಗೆ ಒಬ್ಬ ಸತ್ತ ಹೆಂಗಸಿನ ಜೀವಮಾನದ ಕೆಲಸ ಗಂಗಾವತಿಯ ಕಪಾಟಿಗೆ ಹೋಗಬೇಕೋ ಕೊಪ್ಪಳದ ಬಚ್ಚಲ ಒಲೆಗೆ ಹೋಗಬೇಕೋ ಎಂಬುದು ನನ್ನ ಎರಡು ಪುಟದ ಮೇಲೆ ನಿಂತಿತು. ಬರುವ ಭಾನುವಾರ ಬಾ ಎಂದು ಹೇಳಿ ಕಳಿಸಿದೆ. ನಿಜ ಹೇಳುತ್ತೇನೆ, ಒಳಗೊಳಗೆ ಹಿಗ್ಗಿದೆ. ಎರಡು ವರ್ಷದಿಂದ ನನ್ನ ಅಭಿಪ್ರಾಯ ಯಾರಿಗೂ ಬೇಕಾಗಿರಲಿಲ್ಲ.

ಟ್ರಂಕು ತೆರೆದಾಗ ಮೊದಲು ಬಂದದ್ದು ಯಂತ್ರದ ಎಣ್ಣೆಯ ವಾಸನೆ. ಖಾಕಿ ಕಾಗದದ ಹಾಳೆಗಳು, ನೂರಕ್ಕೆ ಹತ್ತಿರ. ಒಂದೂ ಚೌಕವಾಗಿರಲಿಲ್ಲ. ಒಂದು ಕಡೆ ಡೊಂಕು, ಒಂದು ಕಡೆ ಕೊರೆದ ಹಾಗೆ, ಅಂಚಿನಲ್ಲಿ ಸಣ್ಣ ಸಣ್ಣ ತೂತಿನ ಸಾಲು. ಅದರ ಮೇಲೆ ಪೆನ್ಸಿಲಿನ ಗೆರೆ, ಅಲ್ಲಲ್ಲಿ ದರ್ಜಿಗಳು ಬಟ್ಟೆಗೆ ಗುರುತು ಹಾಕುವ ಕೆಂಪು ನೀಲಿ ಸೀಮೆಸುಣ್ಣ. ಕತ್ತರಿಸುವುದಕ್ಕೂ ಬರುವುದಿಲ್ಲವೇ ಎಂದು ಗೊಣಗಿಕೊಂಡು ಮೊದಲನೆಯದನ್ನು ಎತ್ತಿಕೊಂಡೆ.

ನಾನು ಕಿನ್ನಾಳದವಳು. ಅಪ್ಪ ಮರದ ಗೊಂಬೆಗಳಿಗೆ ಬಣ್ಣ ಹಾಕುತ್ತಿದ್ದ, ನಾನು ಹುಣಸೆಬೀಜದ ಅಂಟು ಅರೆದುಕೊಡುತ್ತಿದ್ದೆ. ಗೊಂಬೆಯ ಹುಬ್ಬನ್ನು ಒಂದೇ ಎಳೆತಕ್ಕೆ ಬರೆಯಬೇಕು, ಎರಡನೇ ಸಲ ಕುಂಚ ತಾಗಿಸಿದರೆ ಅಪ್ಪ ಅದನ್ನು ಕೆರೆದುಹಾಕುತ್ತಿದ್ದ. ಹಾಗಾಗಿ ಗೆರೆಯ ವಿಷಯದಲ್ಲಿ ನಾನು ಬಿಗಿ. ನನ್ನ ಕೈಯಿಂದ ನೂರಕ್ಕೆ ಎಪ್ಪತ್ತು ಪಡೆದ ಹುಡುಗರು ಯಲಬುರ್ಗಾದಲ್ಲಿ ಇಂದಿಗೂ ಅದನ್ನು ಹೇಳಿಕೊಂಡು ತಿರುಗುತ್ತಾರೆ.

ಮೊದಲನೆಯ ಚಿತ್ರದಲ್ಲಿ ಒಂದು ಸಣ್ಣ ಕೋಣೆ. ಸಾಲಾಗಿ ಎಂಟು ಜನ ಕೌದಿ ಹೊದ್ದು ಮಲಗಿದ್ದಾರೆ. ಈ ತುದಿಗೆ ಮಗ, ಆ ತುದಿಗೆ ಸೊಸೆ, ನಡುವೆ ಮಾವ, ಅತ್ತೆ, ನಾದಿನಿಯರು. ಕೌದಿಗಳ ಕೆಳಗಿನಿಂದ ಎರಡು ಕಾಲು ಉದ್ದವಾಗಿ, ಅಷ್ಟು ಉದ್ದ ಮನುಷ್ಯರ ಕಾಲು ಇರುವುದೇ ಇಲ್ಲ, ಎಲ್ಲರ ಕಾಲ್ದೆಸೆಯಿಂದ ಸುತ್ತಿಕೊಂಡು ಬಂದು ಹೆಬ್ಬೆರಳಿಗೆ ಹೆಬ್ಬೆರಳು ತಾಗಿಸಿವೆ. ಕೆಳಗೆ ಬರೆದದ್ದು ಇಷ್ಟೇ: "ಅತ್ತಿ ಕೆಮ್ಮಿದಳು."

ನಾನು ನಕ್ಕೆ. ಜೋರಾಗಿಯೇ ನಕ್ಕೆ. ಆ ಸದ್ದು ಆ ಕೋಣೆಯಿಂದ ಈ ಕೋಣೆಗೆ ಹೋಗಿ ಬಂತು, ಯಾರದೋ ಅನಿಸಿತು. ಎದ್ದು ಫ್ಯಾನಿನ ವೇಗ ಹೆಚ್ಚಿಸಿದೆ.

ಇನ್ನೊಂದರಲ್ಲಿ ಒಬ್ಬ ಗಂಡಸು ದರ್ಜಿಯ ಅಂಗಡಿಗೆ ಬಂದು ನಿಂತಿದ್ದಾನೆ. ಹೆಂಡತಿಯ ಹಳೆಯ ರವಿಕೆಯನ್ನು ಅಳತೆಗೆ ತರಲು ಮರೆತಿದ್ದಾನೆ. ಎರಡು ಕೈಯನ್ನೂ ಗಾಳಿಯಲ್ಲಿ ಎತ್ತಿ, ಬೊಗಸೆ ಮಾಡಿ, ಕಣ್ಣು ಮುಚ್ಚಿ, ನೆನಪು ಮಾಡಿಕೊಳ್ಳುತ್ತಿದ್ದಾನೆ. ಹಿಂದೆ ಸಾಲಿನಲ್ಲಿ ನಿಂತ ಹೆಂಗಸರೆಲ್ಲ ಸೆರಗು ಬಾಯಿಗೆ ತುರುಕಿಕೊಂಡಿದ್ದಾರೆ. ಮತ್ತೊಂದರಲ್ಲಿ ಮುದುಕ ಮುದುಕಿ ಒಬ್ಬರಿಗೊಬ್ಬರು ಬೆನ್ನು ಮಾಡಿ ಮಲಗಿದ್ದಾರೆ, ಕಿಟಕಿಯಲ್ಲಿಟ್ಟ ಒಂದೇ ಲೋಟದೊಳಗೆ ಇಬ್ಬರ ಹಲ್ಲಿನ ಸೆಟ್ಟೂ ಬಾಯಿಗೆ ಬಾಯಿ ಇಟ್ಟುಕೊಂಡಿವೆ. ಪ್ರಸ್ತದ ಕೋಣೆಯ ಬಾಗಿಲಿಗೆ ಕಿವಿ ಹಚ್ಚಿದ ಏಳು ಹೆಂಗಸರ ಚಿತ್ರವೂ ಇತ್ತು. ಒಬ್ಬಳಿಗಿಂತ ಒಬ್ಬಳ ಕಿವಿ ದೊಡ್ಡದು. ಒಳಗೆ ಮದುಮಗ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರೆ ಮದುಮಗಳು ತಟ್ಟೆಯಲ್ಲಿದ್ದ ಲಾಡು ಒಂದೊಂದಾಗಿ ಮುಗಿಸುತ್ತಿದ್ದಾಳೆ.

ಇವನ್ನೆಲ್ಲ ಬರೆದವಳನ್ನು ಅವಳ ಗಂಡ ಮದುವೆಯಾದ ವರ್ಷದಲ್ಲೇ ಬಿಟ್ಟು ಹೋಗಿದ್ದ. ಅದು ಯಲಬುರ್ಗಾಕ್ಕೆಲ್ಲ ಗೊತ್ತಿದ್ದ ಮಾತು. ಮದುವೆಮನೆಗಳಿಗೆ ಅವಳು ಬರುತ್ತಿದ್ದಳು, ಕೊನೆ ಗಳಿಗೆಯ ಹುಕ್ಕು, ಗುಂಡಿ ಹಚ್ಚಲಿಕ್ಕೆ. ಒಡಪು ಹೇಳುವ ಹೊತ್ತಿಗೆ, ಅಂದರೆ ಹೆಂಗಸರು ಸುತ್ತ ಕೂತು ಗಂಡನ ಹೆಸರನ್ನು ಎರಡು ಸಾಲಿನ ಪದದೊಳಗೆ ಹೆಣೆದು ನಾಚುತ್ತ ಹೇಳುವ ಹೊತ್ತಿಗೆ, ಅವಳು ಹೊರಗೆ ಕಟ್ಟೆಯ ಮೇಲಿರುತ್ತಿದ್ದಳು. ನಾನೂ ಎಷ್ಟೋ ಸಲ ಹೊರಗೇ ಇದ್ದೆ. ಅವಳು ಆ ತುದಿಗೆ ಸೂಜಿ ಹಿಡಿದು, ನಾನು ಈ ತುದಿಗೆ ಎಲೆಅಡಿಕೆಯ ತಟ್ಟೆ ಹಿಡಿದು. ಅಲ್ಲಿ ನಾವು ಮಾತಾಡಿದ ನೆನಪಿಲ್ಲ.

ಎರಡನೆಯ ದಿನ ಅಂಕ ಹಾಕಲು ಕೂತೆ. ಹಾಳೆಯ ಮೇಲೆಯೇ, ಬಲಗಡೆಯ ಕೆಳಮೂಲೆಗೆ, ಕೆಂಪು ಪೆನ್ನಿನಲ್ಲಿ, ಉಂಗುರ ಹಾಕಿ. ಬೇರೊಬ್ಬರ ಮೂಲಚಿತ್ರದ ಮೇಲೆ ಹಾಗೆ ಗೀಚಬಾರದೆಂಬ ಸಣ್ಣ ವಿವೇಕವೂ ಅಡ್ಡ ಬರಲಿಲ್ಲ. ಎಂಟು ಜನರ ಕೌದಿಗೆ ಎಪ್ಪತ್ತೆರಡು. ಹಲ್ಲಿನ ಸೆಟ್ಟಿಗೆ ಎಪ್ಪತ್ತೈದು, ಅದು ನನ್ನ ಜೀವನದಲ್ಲೇ ಹೆಚ್ಚು. ಕೈಬೆರಳು ಅವಳಿಗೆ ಬರುತ್ತಿರಲಿಲ್ಲ, ಅದಕ್ಕೇ ಹೆಚ್ಚಿನವರ ಕೈ ಸೆರಗಿನಡಿ ಇಲ್ಲವೇ ಜೇಬಿನೊಳಗೆ. ಅಲ್ಲಿ ಕಳೆದೆ. ಆದರೆ ಬೆನ್ನು! ಅಂಥ ಬೆನ್ನುಗಳನ್ನು ನಾನು ದೊಡ್ಡ ದೊಡ್ಡ ಚಿತ್ರಕಾರರ ಕೈಯಲ್ಲೂ ಕಂಡಿಲ್ಲ. ಸಿಟ್ಟು ಮಾಡಿಕೊಂಡ ಬೆನ್ನು, ಕರೆಯಲಿ ಎಂದು ಕಾಯುವ ಬೆನ್ನು, ಬಸುರಿಯ ಬೆನ್ನು, ಎಲ್ಲವೂ ಒಂದೇ ಎಳೆತಕ್ಕೆ ಬಂದಿದ್ದವು. ಅಪ್ಪ ಇದ್ದಿದ್ದರೆ ತಲೆಯಾಡಿಸುತ್ತಿದ್ದ. ಇನ್ನು ಅಶ್ಲೀಲ ಅನ್ನುವವರಿಗೆ ಹೇಳಬೇಕಾದ್ದು, ನೂರರಲ್ಲಿ ಒಬ್ಬರೂ ಬತ್ತಲೆ ಇಲ್ಲ. ಹೇಗಿದ್ದಾರು? ದರ್ಜಿ ಬರೆದದ್ದು. ಎಲ್ಲರ ಮೈಮೇಲೂ ಬಟ್ಟೆ ಇದೆ, ಅದೂ ಅಳತೆಗೆ ಸರಿಯಾಗಿ.

ತಳದಲ್ಲಿ ಏಳು ಹಾಳೆಗಳನ್ನು ದಾರದಿಂದ ಬೇರೆಯಾಗಿ ಕಟ್ಟಿತ್ತು.

ಮೊದಲನೆಯದರಲ್ಲಿ ಒಂದು ಬಸ್ಸು. ಕಿಟಕಿಯ ಪಕ್ಕ ಸಣಕಲು ಹೆಂಗಸು, ಮೂಗಿನ ತುದಿಗೆ ಕನ್ನಡಕ, ತೊಡೆಯ ಮೇಲೆ ಛತ್ರಿ. ಪಕ್ಕದ ಸೀಟಿನಲ್ಲಿ ಒಂದು ದೊಡ್ಡ ರೆಕ್ಸಿನ್ ಚೀಲ. ಎರಡನೆಯದರಲ್ಲಿ ಅದೇ ಚೀಲಕ್ಕೆ ಮೀಸೆ ಬಂದಿತ್ತು, ತಲೆಗೆ ರುಮಾಲು. ಮೂರನೆಯದರಲ್ಲಿ ಆ ಹೆಂಗಸು ಕುಕನೂರಿನ ಬಂಡಿಯ ಮುಂದೆ ನಿಂತು ಚೀಲದ ಬಾಯಿಗೆ ಮಿರ್ಚಿ ಭಜಿ ತಿನ್ನಿಸುತ್ತಿದ್ದಳು. ನಾಲ್ಕನೆಯದರಲ್ಲಿ ಚೀಲ ಅವಳ ಹೆಗಲ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿತ್ತು. ಐದನೆಯದರಲ್ಲಿ ಚೀಲ ಮುನಿಸಿಕೊಂಡು ಗೋಡೆಗೆ ಮುಖ ಮಾಡಿತ್ತು, ಅವಳು ಕನ್ನಡಕ ಏರಿಸಿಕೊಂಡು ಪರೀಕ್ಷೆಯ ಹಾಳೆ ತಿದ್ದುತ್ತಿದ್ದಳು. ಆರನೆಯದರಲ್ಲಿ ಇಬ್ಬರೂ ಮಂಚದ ಮೇಲಿದ್ದರು. ಅವಳು ಕನ್ನಡಕ ತೆಗೆಯದೆ ಮಲಗಿದ್ದಾಳೆ, ಚೀಲದ ಎರಡು ಹಿಡಿಕೆಗಳು ಅವಳ ಸೊಂಟ ಬಳಸಿವೆ. ಕೆಳಗೆ ಒಂದು ಒಡಪು:

"ಕುಷ್ಟಗಿ ಸಂತ್ಯಾಗ ಕೊಂಡೆ ಹಸರ ಬಳಿ,
———— ಅವರ ಬಾಜೂಕ ಕುಂತ್ರ ತಿಳಿಯಂಗಿಲ್ಲ ಬಿಸಲ, ಮಳಿ."

ಹೆಸರಿರಬೇಕಾದ ಜಾಗದಲ್ಲಿ ಬರೀ ಗೆರೆ.

ಅದು ನಾನು. ನನ್ನ ಮೂಗು, ನನ್ನ ಛತ್ರಿ, ನನ್ನ ಚೀಲ.

ಇಪ್ಪತ್ತೆರಡು ವರ್ಷ ಕೊಪ್ಪಳದಿಂದ ಯಲಬುರ್ಗಾಕ್ಕೆ ದಿನವೂ ಬಸ್ಸಿನಲ್ಲಿ ಹೋಗಿ ಬಂದವಳು ನಾನು. ನಮ್ಮ ಕಡೆ ಕಿಟಕಿಯಿಂದ ಟವೆಲ್ ಎಸೆದರೆ ಸೀಟು ಅವರದು, ಅದಕ್ಕೆ ಯಾರೂ ತಕರಾರು ಮಾಡುವುದಿಲ್ಲ. ನಾನು ಟವೆಲ್ ಬದಲು ಚೀಲ ಇಟ್ಟೆ, ಅದೂ ಪಕ್ಕದ ಸೀಟಿಗೆ. ನೌಕರಿಯ ಮೊದಲ ತಿಂಗಳಲ್ಲಿ ಒಬ್ಬ ಗಂಡಸು ನಿದ್ದೆಯ ನೆಪದಲ್ಲಿ ಮೈಮೇಲೆ ಒರಗಿದ, ಅಂದಿನಿಂದ ಶುರುವಾಯಿತು. "ಯಾರರ ಬರ್ತಾರೇನ್ರಿ?" ಎಂದು ಕೇಳಿದರೆ, "ಬರ್ತಾರ್ರಿ, ಭಾನಾಪುರದಾಗ ಹತ್ತತಾರ." ಭಾನಾಪುರ ದಾಟುವ ಹೊತ್ತಿಗೆ ಕೇಳಿದವರು ಬೇರೆಲ್ಲೋ ನೆಲೆಯಾಗಿರುತ್ತಿದ್ದರು. ಗಂಡಸರಿಗೆಂದು ಹಾಕಿದ ಬೇಲಿ ಆಮೇಲೆ ಹೆಂಗಸರಿಗೂ ಆಯಿತು. ಹೆಂಗಸರು ಪಕ್ಕದಲ್ಲಿ ಕೂತರೆ ಕುಕನೂರು ಬರುವುದರೊಳಗೆ "ಯಜಮಾನ್ರು ಏನ್ ಮಾಡ್ತಾರ್ರಿ? ಮಕ್ಕಳೆಷ್ಟು?" ಎಂದು ಕೇಳಿಯೇ ಕೇಳುತ್ತಾರೆ. ಅದಕ್ಕಿಂತ ಚೀಲ ವಾಸಿ, ಅದಕ್ಕೆ ಬಾಯಿಲ್ಲ.

ನನಗೆ ಬಂದ ಸಿಟ್ಟನ್ನು ಮುಚ್ಚಿಡುವುದಿಲ್ಲ. ಮೈ ಉರಿಯಿತು. ಪ್ರತಿ ಹಬ್ಬಕ್ಕೂ ಬಟ್ಟೆ ಕೊಟ್ಟೆ, ಹೊಲಿದದ್ದನ್ನು ಒಮ್ಮೆಯೂ ಜರೆಯಲಿಲ್ಲ, ಇವಳು ಹಿಂದಿನಿಂದ ನನ್ನನ್ನು ಚೀಲಕ್ಕೆ ಕಟ್ಟಿ ನಕ್ಕಳಲ್ಲ! ಗಂಡ ಬಿಟ್ಟವಳಿಗೆ ಗಂಡನೇ ಇಲ್ಲದವಳ ಮೇಲೆ ಇಷ್ಟು ಸಲಿಗೆಯೇ? ಪೆನ್ನು ಎತ್ತಿಕೊಂಡು ಆರಕ್ಕೂ ಸೊನ್ನೆ ಹಾಕಿದೆ. ಸೊನ್ನೆಯ ಸುತ್ತ ಉಂಗುರ. ಏಳನೆಯದನ್ನು ನೋಡಲೂ ಇಲ್ಲ. ಎರಡು ಪುಟವೂ ಮನಸ್ಸಿನಲ್ಲೇ ಬರೆದು ಮುಗಿಯಿತು. ಕೀಳು ಅಭಿರುಚಿ, ಸಂಗ್ರಹಕ್ಕೆ ತಕ್ಕದ್ದಲ್ಲ, ಒಲೆ ಹೊತ್ತಿಸಿಕೊಳ್ಳಲಿ.

ಮರುದಿನ ಬೆಳಿಗ್ಗೆ ಸಿಟ್ಟು ಇಳಿದಿರಲಿಲ್ಲ, ಆದರೆ ಕಣ್ಣು ತೆರೆದಿತ್ತು. ಆ ಆರು ಹಾಳೆಗಳು ಮೇಜಿನ ಮೇಲೆ ಹರಡಿ ಬಿದ್ದಿದ್ದವು. ನೋಡುತ್ತೇನೆ, ಬಸ್ಸು ಇದ್ದ ಹಾಳೆ ಬೆನ್ನಿನ ಆಕಾರ. ಮಂಚ ಇದ್ದದ್ದು ಎದೆಯ ಭಾಗ. ಅವು ಕತ್ತರಿಸಲು ಬಾರದೆ ಡೊಂಕಾದ ಹಾಳೆಗಳಾಗಿರಲಿಲ್ಲ. ದರ್ಜಿಗಳು ಖಾಯಂ ಗಿರಾಕಿಗಳ ಅಳತೆಗೆ ಕಾಗದ ಕತ್ತರಿಸಿ ಇಟ್ಟುಕೊಳ್ಳುತ್ತಾರಲ್ಲ, ಬಟ್ಟೆಯ ಮೇಲೆ ಇಟ್ಟು ಗುರುತು ಹಾಕಲಿಕ್ಕೆ, ಆ ಕಾಗದಗಳು. ಅವಳು ಬರೆದದ್ದೆಲ್ಲ ಅವುಗಳ ಮೇಲೆಯೇ. ಯಾರ ಕಥೆಯೋ ಅವರದೇ ಅಳತೆಯ ಮೇಲೆ. ಇಡೀ ಹಿಂದಿನ ದಿನ ನಾನು ಚೌಕಟ್ಟು ಸರಿಯಿಲ್ಲ ಎಂದು ಒಂದೊಂದು ಹಾಳೆಗೂ ಐದೈದು ಅಂಕ ಕಳೆದಿದ್ದೆ.

ಅಂಚಿನಲ್ಲಿ ನನ್ನ ಅಳತೆಗಳಿದ್ದವು. ಸಾಮಾನ್ಯವಾಗಿ ಅರ್ಧ ಮೈಗೆ ಕತ್ತರಿಸಿದರೆ ಸಾಕು, ಬಟ್ಟೆ ಮಡಚಿದರೆ ಎಡಬಲ ಎರಡೂ ಬರುತ್ತದೆ. ನನ್ನದನ್ನು ಮಾತ್ರ ಅವಳು ಎಡ ಬೇರೆ, ಬಲ ಬೇರೆ ಕತ್ತರಿಸಿದ್ದಳು. ಬಲದ ಮೇಲೆ ಸಣ್ಣಕ್ಷರದಲ್ಲಿ ಬರೆದಿದ್ದಳು: "ಬಲ ಹೆಗಲು ಅರ್ಧ ಇಂಚು ಇಳಿ. ಚೀಲದ ಭಾರ. ಅವರಿಗೆ ಹೇಳಬಾರದು."

ಕನ್ನಡಿಯ ಮುಂದೆ ಹೋಗಿ ನಿಂತೆ. ಹೌದು, ಇಳಿದಿದೆ. ಅರವತ್ತೆರಡು ವರ್ಷಕ್ಕೆ ನನ್ನ ಹೆಗಲು ಒಂದು ಕಡೆ ಇಳಿದಿರುವುದು ನನಗೇ ಗೊತ್ತಿರಲಿಲ್ಲ. ಹದಿನೆಂಟು ವರ್ಷದಿಂದ ನನ್ನ ರವಿಕೆ ಒಂದು ಸಲವೂ ಜಗ್ಗದೆ ಕೂತದ್ದು ನನ್ನ ಮೈಕಟ್ಟಿನಿಂದ ಎಂದು ತಿಳಿದಿದ್ದೆ. ಅಷ್ಟು ವರ್ಷಗಳಲ್ಲಿ ನನ್ನ ಹೆಗಲನ್ನು ಮುಟ್ಟಿದವಳು ಆ ಟೇಪು ಹಿಡಿದ ಹೆಂಗಸು ಒಬ್ಬಳೇ. ಇದನ್ನು ಲೆಕ್ಕ ಹಾಕಿ ನೋಡಿದಾಗ ಅಲ್ಲೇ ಕೂತುಬಿಟ್ಟೆ.

ಆಮೇಲೆ ಏಳನೆಯದನ್ನು ತೆಗೆದೆ. ತೋಳಿನ ಆಕಾರದ ಹಾಳೆ, ಉದ್ದಕ್ಕೆ ಬಸ್ಸು. ಕಿಟಕಿಯ ಬಳಿ ನಾನು, ಪಕ್ಕದಲ್ಲಿ ಚೀಲ. ಈ ಸಲ ಚೀಲಕ್ಕೆ ಮೀಸೆಯಿಲ್ಲ, ರುಮಾಲಿಲ್ಲ, ಬರೀ ಚೀಲ. ನಡುವಿನ ಓಣಿಯಲ್ಲಿ ಒಬ್ಬ ಹೆಂಗಸು ಮೇಲಿನ ಸರಳು ಹಿಡಿದು ನಿಂತಿದ್ದಾಳೆ, ಕಂಕುಳಲ್ಲಿ ಬಟ್ಟೆಯ ಗಂಟು, ಕೊರಳಲ್ಲಿ ಅಳತೆಯ ಟೇಪು. ಅವಳು ನೋಡುತ್ತಿರುವುದು ಚೀಲವನ್ನು. ಕೆಳಗೆ: "ಭಾನಾಪುರದಾಗ ಹತ್ತತಾರಂತ."

ಅದರಲ್ಲಿ ನಗುವಂಥದ್ದು ಏನೂ ಇರಲಿಲ್ಲ.

ಅವಳಿಗೆ ಹಾಗೆ ಅಂದದ್ದು ನನಗೆ ನೆನಪಿಲ್ಲ. ಕೇಳಿದವರ ಮುಖ ನೋಡಿ ನಾನು ಉತ್ತರ ಕೊಡುತ್ತಿರಲಿಲ್ಲ, ಕಿಟಕಿಯ ಕಡೆ ತಿರುಗಿಯೇ ಹೇಳುತ್ತಿದ್ದೆ. ನೋಡಲಿಲ್ಲವೋ, ನೋಡಿಯೂ ಅಂದೆನೋ, ಆ ಮಾತನ್ನು ಈಗ ಆಣೆ ಮಾಡಿ ಹೇಳಲಾರೆ.

ಭಾನುವಾರ ಹುಡುಗಿ ಬಂದಳು. ನಾನು ಟ್ರಂಕು ಎದುರಿಗಿಟ್ಟು ತಪ್ಪೊಪ್ಪಿಕೊಂಡೆ. "ನೋಡವಾ, ನಾನೊಂದು ದಡ್ಡತನ ಮಾಡೀನಿ. ಹಾಳಿ ಮ್ಯಾಲೆ ಕೆಂಪು ಪೆನ್ನಿಲೆ ಮಾರ್ಕ್ಸ್ ಹಾಕಿಬಿಟ್ಟೀನಿ. ಅದು ಹೋಗಂಗಿಲ್ಲ. ನೀ ಬೈದ್ರೂ ಬೈಸಿಕೋತೀನಿ."

ಹುಡುಗಿ ಒಂದೊಂದೇ ಹಾಳೆ ತೆಗೆದು ನೋಡಿದಳು. ಬೈಯುತ್ತಾಳೆಂದು ಕಾದೆ. ಅವಳು ಎಪ್ಪತ್ತೈದರ ಉಂಗುರದ ಮೇಲೆ ಬೆರಳಾಡಿಸಿದಳು.

"ಅತ್ತಿನ್ನ ನಾಕನೇತ್ತಕ್ಕ ಸಾಲಿ ಬಿಡಿಸಿದ್ರಂತ್ರಿ. ಆಕಿಗೆ ಇಷ್ಟು ಮಾರ್ಕ್ಸ್ ಯಾರೂ ಹಾಕಿದ್ದಿಲ್ಲ." ಆಮೇಲೆ ದಾರ ಕಟ್ಟಿದ ಕಟ್ಟಿಗೆ ಬಂದಳು. "ಇವಕ್ಕ ಯಾಕ್ರಿ ಸೊನ್ನಿ?"

"ಅದು ನಾನವಾ. ಆ ಚೀಲ ಇಟಗೊಂಡಾಕಿ ನಾನು. ಸಿಟ್ಟಿನಾಗ ಹಾಕೀನಿ."

ಅವಳಿಗೆ ಆಶ್ಚರ್ಯವಾಗಲಿಲ್ಲ. ನಾನೆಂದು ಅವಳಿಗೆ ಮೊದಲೇ ಗೊತ್ತಿತ್ತು.

"ಅತ್ತಿ ಶನಿವಾರ ಇಲ್ಲೇ ಕೊಪ್ಪಳಕ್ಕ ನಮ್ಮನಿಗೆ ಬರ್ತಿದ್ಲಲ್ರಿ. ಸೋಮವಾರ ಮುಂಜಾನೆ ಅಸ್ತರ್ ಬಟ್ಟಿ, ದಾರಾ ತಗೊಂಡು ನಿಮ್ಮ ಬಸ್ಸಿಗೇ ಹೋಗ್ತಿದ್ಲು. ಅದರ ಮುಂದಿನ ಬಸ್ಸು ಖಾಲಿ ಇರತಿತ್ರಿ. ಆದ್ರೂ ಆ ಬಸ್ಸಿಗೇ. ಗಂಟಿನಾಗ ಎರಡು ಮೂರು ಚಿತ್ರ ಇಟಗೊಂಡಿರ್ತಿದ್ಲು. ಅಂಗಡ್ಯಾಗ ತೋರ್ಸಾಕ ಆಗಂಗಿಲ್ಲ, ಚಿತ್ರದಾಗ ಇರೂ ಮಂದೀನೇ ಅಲ್ಲಿ ಕುಂತಿರ್ತಾರ, ನೀವೂ ಗಡಬಡಿಸಿ ಬಂದು ಹೋಗ್ತೀರಿ ಅಂತಿದ್ಲು. ಬಸ್ಸಿನಾಗ ಒಂದಿನ ಬಾಜೂಕ ಕುಂದ್ರಿಸಿಕೊಂಡ್ರ ತೋರಿಸ್ತೇನಿ, ಆ ಅಕ್ಕೋರಿಗೆ ತಿಳಿತೈತಿ, ಎಷ್ಟು ಮಾರ್ಕ್ಸ್ ಹಾಕ್ತಾರ ನೋಡೋಣು ಅಂತಿದ್ಲ್ರಿ."

"ಎಷ್ಟು ವರ್ಷ?"

"ನಾ ಸಣ್ಣಾಕಿ ಇದ್ದಾಗಿಂದ್ರಿ."

ನನಗೆ ಅಳು ಬರುವುದು ಕಡಿಮೆ. ಆವತ್ತು ಬಂತು, ಆ ಹುಡುಗಿಯ ಎದುರಿಗೇ ಬಂತು. ಅವಳು ಎದ್ದು ಒಳಗೆ ಹೋಗಿ ಕೇಳದೆಯೇ ಚಹಾ ಮಾಡಿದಳು. ಸಕ್ಕರೆಯ ಡಬ್ಬಿ ಹುಡುಕುವ ಸದ್ದು ಅಡುಗೆಮನೆಯಿಂದ ಬರುತ್ತಿತ್ತು. ನನ್ನ ಅಡುಗೆಮನೆಯಲ್ಲಿ ಬೇರೆಯವರ ಸದ್ದು ಕೇಳಿ ವರ್ಷಗಳಾಗಿದ್ದವು.

ಎರಡು ಪುಟ ಬರೆಯಲು ಹೊರಟು ಐದು ಬರೆದೆ. ಗೆರೆಯ ಬಗ್ಗೆ, ಬೆನ್ನುಗಳ ಬಗ್ಗೆ, ಬಾರದ ಕೈಬೆರಳುಗಳ ಬಗ್ಗೆ ಇದ್ದದ್ದು ಇದ್ದ ಹಾಗೆ ಬರೆದೆ. ಇವಳು ದಪ್ಪಗಿದ್ದವರನ್ನಾಗಲಿ ಕಪ್ಪಗಿದ್ದವರನ್ನಾಗಲಿ ನೋಡಿ ಎಲ್ಲೂ ನಕ್ಕಿಲ್ಲ, ಒಬ್ಬರಿಗೊಬ್ಬರು ಬೇಕು ಅನ್ನುವ ಆಸೆ ಮತ್ತು ಅದಕ್ಕೆ ಸಿಗದ ಜಾಗ, ಇವೆರಡನ್ನೇ ನೋಡಿ ನಕ್ಕಿದ್ದಾಳೆ ಎಂದೂ ಬರೆದೆ. ಕೆಂಪು ಅಂಕಗಳು ನನ್ನ ತಪ್ಪು, ಅವನ್ನು ಚಿತ್ರಗಳ ದೋಷವೆಂದು ಎಣಿಸಬಾರದು. ಆರು ಸೊನ್ನೆಗಳನ್ನು ಹಾಕಿದ್ದು ಚಿತ್ರದಲ್ಲಿರುವವಳೇ, ಆದ್ದರಿಂದ ಅವು ಲೆಕ್ಕಕ್ಕಿಲ್ಲ. ಏಳನೆಯದಕ್ಕೆ ಏನೂ ಹಾಕಿಲ್ಲ. ಪರೀಕ್ಷೆಗೆ ಅವಳು ಪ್ರತಿ ಸೋಮವಾರ ಹಾಜರಿದ್ದಳು, ನಾನು ಗೈರು. ಹುಡುಗಿ ಅದನ್ನು ಅಪ್ಪನಿಗೆ ಓದಿ ಹೇಳಿದಳಂತೆ. ಅವನು, "ಒಯ್ಯಿ," ಅಂದನಂತೆ.

ಗಂಗಾವತಿಗೆ ನಾನೂ ಬರುತ್ತೇನೆಂದೆ. ಆ ಭಾನುವಾರ ಅವಳು ಒಯ್ದಿದ್ದ ಚಿತ್ರಗಳು ಕುಷ್ಟಗಿಯ ಅವಳ ಕೋಣೆಯಲ್ಲಿದ್ದವು. ಅವಳು ಆ ಕಡೆಯಿಂದ ಹಿಟ್ನಾಳಕ್ಕೆ ಬಂದು ನಿಲ್ಲುವುದು, ನಾನು ಹಿಟ್ನಾಳದ ಮೇಲೆ ಹೋಗುವ ಗಂಗಾವತಿ ಬಸ್ಸು ಕೊಪ್ಪಳದಲ್ಲೇ ಹಿಡಿಯುವುದು ಎಂದು ಮಾತಾಯಿತು.

ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ಮೇಲೆ ಗದ್ದಲ ಕೇಳಬೇಡಿ. ಹೇಗೋ ನುಗ್ಗಿ ಕಿಟಕಿಯ ಸೀಟು ಹಿಡಿದೆ, ಪಕ್ಕದಲ್ಲಿ ಚೀಲ ಇಟ್ಟೆ. ಕಂಡಕ್ಟರ್ ಸೊನ್ನೆಯ ಟಿಕೆಟ್ ಹರಿದು ಕೊಟ್ಟ. ಸೊನ್ನೆ ಹಾಕಿಸಿಕೊಳ್ಳುವ ಸರದಿ ನನ್ನದು ಎಂದುಕೊಂಡೆ. ಒಬ್ಬ ಯಜಮಾನರು ಬಗ್ಗಿ ಕೇಳಿದರು, "ಯಾರರ ಬರ್ತಾರೇನ್ರಿ ಇಲ್ಲಿ?"

"ಬರ್ತಾರ್ರಿ. ಹಿಟ್ನಾಳದಾಗ ಹತ್ತತಾರ."

ಇಷ್ಟು ವರ್ಷಗಳಲ್ಲಿ ಆ ಮಾತು ಮೊದಲ ಸಲ ನಿಜವಾಗಿತ್ತು. ಈ ಸಲ ಕಿಟಕಿಯ ಕಡೆ ತಿರುಗದೆ ಅವರ ಮುಖ ನೋಡಿಯೇ ಹೇಳಿದೆ.

ಹಿಟ್ನಾಳದಲ್ಲಿ ಬಾಗಿಲಿಗೆ ಜನ ಜೇನಿನಂತೆ ಮುತ್ತಿದರು. ಹುಡುಗಿ ಕಿಟಕಿಯ ಬಳಿ ಓಡಿ ಬಂದು, ಹಳೆಯ ಸೀರೆಯಲ್ಲಿ ಸುತ್ತಿದ ಚಿತ್ರಗಳ ಗಂಟನ್ನು ನನ್ನ ಕೈಗೆ ತುರುಕಿದಳು. "ಅಕ್ಕೋರ, ಹಿಡೀರಿ! ಮಡಚಬ್ಯಾಡ್ರಿ, ಮುಕ್ಕಾಗ್ತಾವ!" ಅವಳು ಮುಂದಿನ ಬಾಗಿಲಲ್ಲಿ ಹತ್ತಿ ಅಲ್ಲೇ ಸಿಕ್ಕಿಕೊಂಡಳು, ನನ್ನವರೆಗೆ ಬರುವ ದಾರಿಯೇ ಇರಲಿಲ್ಲ. ನಾನು ಚೀಲವನ್ನು ಕಾಲಬುಡಕ್ಕೆ ಇಳಿಸಿ ಗಂಟನ್ನು ಸೀಟಿನ ಮೇಲೆ ಚಪ್ಪಟೆಯಾಗಿ ಮಲಗಿಸಿದೆ.

ಬಸ್ಸು ಹೊರಟಿತು. ನನ್ನ ಪಕ್ಕದ ಓಣಿಯಲ್ಲಿ ಕೂಸು ಎತ್ತಿಕೊಂಡ ಒಬ್ಬ ಹೆಣ್ಣುಮಗಳು ಸರಳು ಹಿಡಿದು ನಿಂತಿದ್ದಳು. ಅವಳ ಕಣ್ಣು ಗಂಟಿನ ಮೇಲಿತ್ತು.

ನಾನು ಎದ್ದೆ. ಗಂಟನ್ನು ಕಿಟಕಿಯ ಪಕ್ಕಕ್ಕೆ, ನನ್ನ ಜಾಗಕ್ಕೆ ಸರಿಸಿ, ಅವಳಿಗೆ ಈಚೆಯ ಸೀಟು ತೋರಿಸಿದೆ. ಅವಳು ಕೂತಳು, ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡಳು. ನಾನು ಸರಳು ಹಿಡಿದು ನಿಂತೆ. ಮೊಣಕಾಲು ನೋಯುತ್ತಿತ್ತು, ಬಲ ಹೆಗಲೂ ನೋಯುತ್ತಿತ್ತು.

ಸ್ವಲ್ಪ ದೂರ ಹೋದ ಮೇಲೆ ಅವಳಿಗೇ ಸಂಕೋಚವಾಯಿತು. "ಅಕ್ಕಾರ, ಗಂಟು ನಾ ಹಿಡಕೋತೇನ್ರಿ. ನೀವು ಕುಂದರ್ರಿ, ವಯಸ್ಸಾದವರು."

"ಬ್ಯಾಡವಾ. ಆಕಿ ಕುಂದರ್ಲಿ, ಭಾಳ ವರ್ಷ ನಿಂತಾಳ."

ಅವಳು ನನ್ನನ್ನೊಮ್ಮೆ ನೋಡಿದಳು, ಗಂಟನ್ನೊಮ್ಮೆ ನೋಡಿದಳು. ಆಮೇಲೆ ಗಂಟಿಗೆ ಜಾಗವಾಗುವಂತೆ ಸ್ವಲ್ಪ ಈಚೆ ಸರಿದು ಕುಳಿತಳು.